ಅಪ್‌ಡೇಟ್ ಆದ ಮೇಲೆ ಕಾರ್ಡ್ ರೀಡರ್ ಕೆಲಸ ಮಾಡುತ್ತಿಲ್ಲ: ಐಪ್ಯಾಡ್‌ಗೆ ಫೋಟೊ ಇಳಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಮೆರಾದಲ್ಲಿ ತೆಗೆದ ಫೋಟೊಗಳನ್ನು ಕಂಪ್ಯೂಟರ್ ಇಲ್ಲದೆ ನೇರವಾಗಿ ಟ್ಯಾಬ್ಲೆಟ್‌ಗೆ ಇಳಿಸಿಕೊಳ್ಳುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಸಫಾರಿಗೆ ಹೋಗುವವರು, ಮದುವೆ ಫೋಟೊ ತೆಗೆಯುವವರು, ಊರು ಸುತ್ತುವವರು. ಇವರೆಲ್ಲ ಒಂದಲ್ಲ ಒಂದು ದಿನ ಒಂದೇ ಪ್ರಶ್ನೆ ಹೊತ್ತು ಬರುತ್ತಾರೆ: "ನಿನ್ನೆ ಸರಿಯಾಗೇ ಇತ್ತು, ಅಪ್‌ಡೇಟ್ ಹಾಕಿದೆ, ಇವತ್ತು ಇಲ್ಲ." ಅದೇ ಪ್ರಶ್ನೆಯ ಬೇರೆ ಬೇರೆ ರೂಪಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಜಾಸ್ತಿ ಮಾತು ಐಪ್ಯಾಡ್ ಬಗ್ಗೆ. ಈ ತೊಂದರೆಯ ಕಥೆ ಉದ್ದವಾಗಿರುವುದು ಅಲ್ಲೇ.

ಮೊದಲು ಇದು ಹೇಳಿ. ನನ್ನ ಫೋಟೊಗಳು ಹೋದವಾ?

ಇಲ್ಲ. ಟ್ಯಾಬ್ಲೆಟ್‌ಗೆ ಕಾಣದ ಮಾತ್ರಕ್ಕೆ ಕಾರ್ಡ್‌ನಲ್ಲಿರುವುದು ಹೋಗುವುದಿಲ್ಲ. ಕಾರ್ಡನ್ನು ವಾಪಸ್ ಕ್ಯಾಮೆರಾಕ್ಕೆ ಹಾಕಿ, ಪ್ಲೇ ಬಟನ್ ಒತ್ತಿ ನೋಡಿ. ಫೋಟೊ ಕಂಡರೆ ನಿಶ್ಚಿಂತೆಯಿಂದ ಮುಂದೆ ಓದಿ. "ಕಾರ್ಡ್ ಫಾರ್ಮ್ಯಾಟ್ ಮಾಡಬೇಕಾ" ಅಂತ ಯಾವುದಾದರೂ ಪರದೆ ಕೇಳಿದರೆ ಬೇಡ ಅನ್ನಿ. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಸಾಕು.

ಅಪ್‌ಡೇಟ್ ಹಾಕಿದ್ದು ಟ್ಯಾಬ್ಲೆಟ್‌ಗೆ. ಹಾಗಾದರೆ ಅಡಾಪ್ಟರ್ ಹೇಗೆ ಹಾಳಾಯಿತು?

ಅಡಾಪ್ಟರ್, ಅಂದರೆ ಟ್ಯಾಬ್ಲೆಟ್‌ಗೂ ಕಾರ್ಡ್ ಅಥವಾ ಕೇಬಲ್‌ಗೂ ನಡುವೆ ಸಿಕ್ಕಿಸುವ ತುಂಡು, ಹಾಳಾಗಿರುವುದು ತೀರಾ ಕಡಿಮೆ. ಬದಲಾಗಿರುವುದು ಅದರ ಜೊತೆ ಮಾತಾಡುವ ನಿಯಮ. ಅಡಾಪ್ಟರ್‌ಗೆ ಎಷ್ಟು ಕರೆಂಟ್ ಕೊಡಬೇಕು, ಯಾವ ಅಡಾಪ್ಟರನ್ನು ನಂಬಬೇಕು, ಪರದೆ ಲಾಕ್ ಆಗಿದ್ದಾಗ ಒಳಗೆ ಬಿಡಬೇಕಾ ಬೇಡವಾ, ಯಾವ ಆ್ಯಪ್‌ಗೆ ಕಾರ್ಡ್ ತೋರಿಸಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಸಾಫ್ಟ್‌ವೇರ್. ತಂತಿ, ಪ್ಲಗ್, ಕಾರ್ಡ್ ಎಲ್ಲ ನಿನ್ನೆಯವೇ. ಬಾಗಿಲು ಕಾಯುವವನಿಗೆ ಮಾತ್ರ ಹೊಸ ಆದೇಶ ಬಂದಿದೆ.

ಆದ್ದರಿಂದ ಹೊಸ ಅಡಾಪ್ಟರ್ ತರಲು ಓಡುವ ಮೊದಲು ಯಾವ ನಿಯಮ ಬದಲಾಗಿದೆ ಅಂತ ಕಂಡುಕೊಳ್ಳಿ. ಪರದೆಯ ಮೇಲೆ ಬರುವ ಸಂದೇಶದಲ್ಲೇ ಅರ್ಧ ಉತ್ತರ ಇರುತ್ತದೆ. ಗಾಬರಿಯಲ್ಲಿ ಅದನ್ನು ಓದದೆ ಮುಚ್ಚಿಬಿಡುತ್ತೇವೆ. ಇನ್ನೊಮ್ಮೆ ಸಿಕ್ಕಿಸಿ, ಸಂದೇಶ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಇದು ಯಾವತ್ತು ಶುರುವಾದ ತೊಂದರೆ?

ಐಪ್ಯಾಡ್‌ಗೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ, ಆಗಲೇ ಶುರುವಾಯಿತು. ಈ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಆಮೇಲೆ ನಡೆದ ಎಷ್ಟೋ ಸಂಗತಿಗಳ ಬೀಜ ಇಲ್ಲೇ ಇದೆ.

ಮೊದಲ ಐಪ್ಯಾಡ್ ಅಮೆರಿಕದಲ್ಲಿ 2010ರ ಏಪ್ರಿಲ್ 3ರಂದು ಮಾರಾಟಕ್ಕೆ ಬಂತು. ಅದರಲ್ಲಿ ಎಸ್‌ಡಿ ಕಾರ್ಡ್ ಹಾಕುವ ಜಾಗವೂ ಇರಲಿಲ್ಲ, ಯುಎಸ್‌ಬಿ ತೂತೂ ಇರಲಿಲ್ಲ. ಅದಕ್ಕೆ ಪರಿಹಾರವಾಗಿ ಆ್ಯಪಲ್ 'ಕ್ಯಾಮೆರಾ ಕನೆಕ್ಷನ್ ಕಿಟ್' ಎಂಬ ಡಬ್ಬಿ ಮಾರಿತು, ಬೆಲೆ 29 ಡಾಲರ್. ಒಳಗೆ ಎರಡು ಬಿಳಿ ತುಂಡು. ಎರಡೂ ಸೇರಿ ಒಂದು ಅಂಗೈ ತುಂಬುವುದಿಲ್ಲ. ಒಂದರಲ್ಲಿ ಎಸ್‌ಡಿ ಕಾರ್ಡ್ ತೂರಿಸುವ ಸೀಳು, ಇನ್ನೊಂದರಲ್ಲಿ ಕ್ಯಾಮೆರಾದ ಕೇಬಲ್ ಸಿಕ್ಕಿಸುವ ಯುಎಸ್‌ಬಿ ತೂತು. ಇನ್ನೊಂದು ತುದಿಯಲ್ಲಿ ಆ ಕಾಲದ ಅಗಲವಾದ 30 ಪಿನ್ನಿನ ಪ್ಲಗ್. ದೀಪ ಇಲ್ಲ, ಬಟನ್ ಇಲ್ಲ.

ಡಬ್ಬಿಯ ಮೇಲೆ ಹೇಳಿದ್ದು ಕ್ಯಾಮೆರಾ ಮತ್ತು ಕಾರ್ಡ್ ಅಂತ ಮಾತ್ರ. ಆದರೆ ಜನ ಸುಮ್ನೆ ಕೂರುತ್ತಾರಾ? ಆ ಯುಎಸ್‌ಬಿ ತೂತಿಗೆ ಕೀಬೋರ್ಡ್ ಸಿಕ್ಕಿಸಿದರು, ಮೈಕ್ ಸಿಕ್ಕಿಸಿದರು, ಹೆಡ್‌ಸೆಟ್ ಸಿಕ್ಕಿಸಿದರು. ಎಷ್ಟೋ ಕೆಲಸ ಮಾಡಿದವು. ಫೋಟೊ ತೆಗೆಯುವವರಿಗೆ ಇನ್ನೊಂದು ದೊಡ್ಡ ಉಪಯೋಗ ಸಿಕ್ಕಿತು. ಆಗಿನ ಒಳ್ಳೆಯ ಕ್ಯಾಮೆರಾಗಳಲ್ಲಿ, ಉದಾಹರಣೆಗೆ ಕೆನಾನ್ 5ಡಿ ಮಾರ್ಕ್ 2 ಮತ್ತು ನಿಕಾನ್ ಡಿ700 ಎರಡರಲ್ಲೂ, ಇದ್ದದ್ದು ಎಸ್‌ಡಿ ಅಲ್ಲ, ದಪ್ಪನೆಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್. ಅದು ಕಿಟ್‌ನ ಸೀಳಿಗೆ ಹೋಗುವುದೇ ಇಲ್ಲ. ಹಾಗಾಗಿ ಅವರು ಯುಎಸ್‌ಬಿ ತುಂಡಿಗೆ ಪುಟ್ಟ ಕಾರ್ಡ್ ರೀಡರ್ ಸಿಕ್ಕಿಸಿ ಫೋಟೊ ಇಳಿಸಿಕೊಳ್ಳುತ್ತಿದ್ದರು.

2010ರ ನವೆಂಬರ್ 22ಕ್ಕೆ ಐಪ್ಯಾಡ್, ಐಫೋನ್ ನಡೆಸುವ ಸಾಫ್ಟ್‌ವೇರ್ ಐಓಎಸ್‌ನ 4.2 ಆವೃತ್ತಿ ಬಂತು. ಐಪ್ಯಾಡ್ ಅದುವರೆಗೂ 3.2ರ ಸಾಲಿನಲ್ಲೇ ಇತ್ತು. ಹೊಸದರಲ್ಲಿ ಫೋಲ್ಡರ್ ಇತ್ತು, ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗುವ ಸೌಲಭ್ಯ ಇತ್ತು, ತಂತಿ ಇಲ್ಲದೆ ಪ್ರಿಂಟ್ ಮಾಡಬಹುದಿತ್ತು. ಎಲ್ಲರೂ ಖುಷಿಯಿಂದ ಹಾಕಿಕೊಂಡರು. ಆಮೇಲೆ ರೀಡರ್ ಸಿಕ್ಕಿಸಿದರೆ, ಈ ಸಾಧನಕ್ಕೆ ಜಾಸ್ತಿ ಪವರ್ ಬೇಕು, ಬಳಸಲಾಗದು ಎಂಬ ಅರ್ಥದ ಇಂಗ್ಲಿಷ್ ಸಾಲು ಬಂತು. ಆ ಕನೆಕ್ಟರ್ ಮೂಲಕ ಯುಎಸ್‌ಬಿ ಸಾಧನಕ್ಕೆ ಸಿಗುತ್ತಿದ್ದ ಕರೆಂಟಿನ ಮಿತಿಯನ್ನು 100 ಮಿಲಿಆಂಪಿಯರ್‌ನಿಂದ 20ಕ್ಕೆ ಇಳಿಸಲಾಗಿತ್ತು. ಐದರಲ್ಲಿ ಒಂದು ಪಾಲು! ಆ್ಯಪಲ್‌ನದೇ ಎಸ್‌ಡಿ ತುಂಡು ಕೆಲಸ ಮಾಡುತ್ತಲೇ ಇತ್ತು. ಬಿದ್ದದ್ದು ಹೊರಗಿನಿಂದ ತಂದು ಸೇರಿಸಿದ ಸಾಧನಗಳು.

ನನ್ನ ರೀಡರ್ ಬೆರಳಿನಷ್ಟು ಇದೆ. ಅದಕ್ಕೆ "ಜಾಸ್ತಿ ಪವರ್" ಹೇಗೆ ಬೇಕಾಗುತ್ತದೆ?

ಬೇಕಾಗದೇ ಇರಬಹುದು. ಟ್ಯಾಬ್ಲೆಟ್ ನೋಡುವುದು ಅದು ನಿಜವಾಗಿ ಎಷ್ಟು ಎಳೆಯುತ್ತದೆ ಅಂತ ಅಲ್ಲ, ಎಷ್ಟು ಬೇಕು ಅಂತ ಹೇಳಿಕೊಂಡಿದೆ ಎಂಬುದನ್ನು.

ಯಾವುದೇ ಯುಎಸ್‌ಬಿ ಸಾಧನ ಸಿಕ್ಕಿಸಿದ ಕೂಡಲೇ ತನ್ನ ಪರಿಚಯ ಮಾಡಿಕೊಳ್ಳುತ್ತದೆ. ನಾನು ಇಂಥವನು, ಇಂಥ ಕಂಪನಿಯವನು, ನನಗೆ ಜಾಸ್ತಿ ಅಂದರೆ ಇಷ್ಟು ಕರೆಂಟ್ ಬೇಕಾಗಬಹುದು ಅಂತ. ಆ ಅಂಕಿ ಸಾಧನದ ಚಿಪ್‌ನಲ್ಲಿ ಮೊದಲೇ ಬರೆದಿರುತ್ತದೆ. ತಯಾರಿಸಿದವರು ಕಂಪ್ಯೂಟರ್ ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ಯುಎಸ್‌ಬಿ 2.0 ಪ್ರಕಾರ ಕಂಪ್ಯೂಟರ್ 500 ಮಿಲಿಆಂಪಿಯರ್‌ವರೆಗೂ ಕೊಡಬಹುದು, ಹಾಗಾಗಿ ಧಾರಾಳವಾಗಿ 100, 250, 500 ಅಂತ ಬರೆದುಬಿಡುತ್ತಾರೆ. ಮದುವೆಗೆ ಬರುವವರು 200 ಜನ ಇದ್ದರೂ ಯಾವುದಕ್ಕೂ ಇರಲಿ ಅಂತ ಅಡುಗೆಯವರಿಗೆ 500 ಎಲೆ ಹೇಳುತ್ತೇವಲ್ಲ, ಹಾಗೆ. ಕಂಪ್ಯೂಟರ್‌ಗೆ ಅದು ಲೆಕ್ಕಕ್ಕಿಲ್ಲ. ಆದರೆ ಚಿಕ್ಕ ಬ್ಯಾಟರಿಯ ಟ್ಯಾಬ್ಲೆಟ್ "500 ಎಲೆ ನನ್ನಿಂದ ಆಗಲ್ಲ" ಅಂತ ಬಾಗಿಲಲ್ಲೇ ಕಳಿಸಿಬಿಡುತ್ತದೆ.

ಬರೀ ಸಾಫ್ಟ್‌ವೇರ್ ಬದಲಿಸಿ ಅಷ್ಟೊಂದು ಸಾಧನಗಳನ್ನು ಒಂದೇ ರಾತ್ರಿಯಲ್ಲಿ ಹೊರಗಿಡಲು ಆಗಿದ್ದೂ ಇದರಿಂದಲೇ. ಒಂದು ಅಂಕಿಯ ಮಿತಿ ಬದಲಾಯಿಸಿದರೆ ಸಾಕು.

ಹಾಗಾದರೆ ಪವರ್ ಸಂದೇಶ ಬಂದಾಗ ಏನು ಮಾಡಲಿ?

ಮೂರು ದಾರಿ ಇವೆ.

ಒಂದು, ಸ್ವಂತ ಕರೆಂಟ್ ಇರುವ ಯುಎಸ್‌ಬಿ ಹಬ್. ಗೋಡೆಯ ಪ್ಲಗ್‌ಗೆ ಸಿಕ್ಕಿಸುವಂಥದ್ದು. ಟ್ಯಾಬ್ಲೆಟ್, ಅಡಾಪ್ಟರ್, ಹಬ್, ಹಬ್‌ಗೆ ರೀಡರ್. ರೀಡರ್‌ನ ಹಸಿವನ್ನು ಹಬ್ ನೋಡಿಕೊಳ್ಳುತ್ತದೆ. 2010ರಲ್ಲಿ ಎಷ್ಟೋ ಜನರ ಕೈ ಹಿಡಿದದ್ದು ಇದೇ, ಇವತ್ತಿಗೂ ನಡೆಯುತ್ತದೆ. ಆದರೆ ಕಾಡಿನ ಅಂಚಿನ ಲಾಡ್ಜ್‌ನಲ್ಲಿ ಇಷ್ಟೆಲ್ಲ ಹರಡಿಕೊಂಡು ಕೂರುವುದು ಕಷ್ಟ.

ಎರಡು, ಚಾರ್ಜರ್ ಸಿಕ್ಕಿಸಲು ಜಾಗ ಇರುವ ಅಡಾಪ್ಟರ್. ಲೈಟ್ನಿಂಗ್ ಪೋರ್ಟ್ (30 ಪಿನ್ನಿನ ನಂತರ ಬಂದ ಚಿಕ್ಕ ತೂತು) ಇರುವ ಐಪ್ಯಾಡ್‌ಗಳಿಗೆ 2016ರಲ್ಲಿ ಬಂದ ಯುಎಸ್‌ಬಿ 3 ಕ್ಯಾಮೆರಾ ಅಡಾಪ್ಟರ್‌ನಲ್ಲಿ ಯುಎಸ್‌ಬಿ ತೂತಿನ ಪಕ್ಕದಲ್ಲೇ ಇನ್ನೊಂದು ಲೈಟ್ನಿಂಗ್ ತೂತು ಇದೆ. ಅಲ್ಲಿಗೆ ಚಾರ್ಜರ್ ಕೇಬಲ್ ಕೊಟ್ಟರೆ ರೀಡರ್‌ಗೂ ಪವರ್, ಟ್ಯಾಬ್ಲೆಟ್‌ಗೂ ಚಾರ್ಜ್. ತುಂಬಾ ಜನ ಆ ಎರಡನೇ ತೂತನ್ನು ಬಳಸುವುದೇ ಇಲ್ಲ. "ಕೆಲಸ ಮಾಡುತ್ತಿಲ್ಲ" ಅಂದವರಿಗೆ ನಾನು ಮೊದಲು ಕೇಳುವುದು ಇದನ್ನೇ.

ಮೂರನೆಯದು ನನಗೆ ಅನುಭವದಿಂದ ಬಂದದ್ದು. ಒಮ್ಮೆ ಕಬಿನಿ ಹಿನ್ನೀರಿಗೆ ಹೋಗಿದ್ದೆ. ಹೊರಡುವ ಹಿಂದಿನ ರಾತ್ರಿ ಟ್ಯಾಬ್ಲೆಟ್‌ಗೆ ಅಪ್‌ಡೇಟ್ ಹಾಕಿದ್ದೆ. ಸಂಜೆ ಸಫಾರಿ ಮುಗಿಸಿ ಬಂದು, ಮಂಚದ ಮೇಲೆ ಕೂತು ಕಾರ್ಡ್ ಹಾಕಿದರೆ ಅದೇ ಪವರ್ ಸಂದೇಶ. ರೀಡರ್ ತೆಗೆದು ಊದಿದೆ, ತಿರುಗಿಸಿ ಹಾಕಿದೆ, ಟ್ಯಾಬ್ಲೆಟ್ ಆರಿಸಿ ಹಚ್ಚಿದೆ. ಇಲ್ಲ. ಕಾರ್ಡ್‌ನಲ್ಲಿ ಆನೆ ಹಿಂಡು ನೀರು ದಾಟುವ ಫೋಟೊಗಳಿದ್ದವು. ಮಗಳು ಅವನ್ನು ದೊಡ್ಡ ಪರದೆಯಲ್ಲಿ ನೋಡಬೇಕು ಅಂತ ಪಕ್ಕದಲ್ಲೇ ಕಾಯುತ್ತಿದ್ದಳು. ಕೊನೆಗೆ ಕ್ಯಾಮೆರಾ ಬ್ಯಾಗಿನ ತಳದಲ್ಲಿ, ಡಬ್ಬಿಯಲ್ಲಿ ಬಂದಾಗಿನಿಂದ ಬಿಚ್ಚೇ ಇರದ ಯುಎಸ್‌ಬಿ ಕೇಬಲ್ ಸಿಕ್ಕಿತು. ಅದಕ್ಕೆ ಕಟ್ಟಿದ್ದ ತಂತಿಯ ಗಂಟೂ ಹಾಗೇ ಇತ್ತು. ಕಾರ್ಡನ್ನು ವಾಪಸ್ ಕ್ಯಾಮೆರಾಕ್ಕೆ ಹಾಕಿ, ಕ್ಯಾಮೆರಾವನ್ನೇ ಅಡಾಪ್ಟರ್‌ಗೆ ಸಿಕ್ಕಿಸಿ, ಆನ್ ಮಾಡಿದೆ. ಎರಡು ಸೆಕೆಂಡ್ ಏನೂ ಇಲ್ಲ. ಆಮೇಲೆ ಚಿಕ್ಕ ಚಿಕ್ಕ ಚೌಕಗಳಲ್ಲಿ ಆನೆಗಳು ಒಂದೊಂದಾಗಿ ಬರತೊಡಗಿದವು.

ಕಾರಣ ಸರಳ. ಕ್ಯಾಮೆರಾಕ್ಕೆ ತನ್ನದೇ ಬ್ಯಾಟರಿ ಇದೆ. ಅದು ಟ್ಯಾಬ್ಲೆಟ್ ಹತ್ತಿರ ಕರೆಂಟ್ ಕೇಳುವ ಅಗತ್ಯವೇ ಇಲ್ಲ. ಅವತ್ತಿನಿಂದ ಆ ಕೇಬಲ್ ಬ್ಯಾಗಿನ ಮೇಲಿನ ಜೇಬಿನಲ್ಲೇ ಇರುತ್ತದೆ.

ಕ್ಯಾಮೆರಾ ಸಿಕ್ಕಿಸಿದೆ, ಆದರೂ ಐಪ್ಯಾಡ್ ಗುರುತಿಸುತ್ತಿಲ್ಲ.

ಕ್ಯಾಮೆರಾದ ಮೆನುವಿನಲ್ಲಿ ಯುಎಸ್‌ಬಿ ಆಯ್ಕೆ ಹುಡುಕಿ. ಕೆಲವು ಕ್ಯಾಮೆರಾಗಳಲ್ಲಿ ಪಿಟಿಪಿ, ಮಾಸ್ ಸ್ಟೋರೇಜ್, ಆಟೋ ಅಂತ ಇರುತ್ತವೆ. ಪಿಟಿಪಿ ಎಂಬುದು ಫೋಟೊ ಸಾಗಿಸಲೆಂದೇ ಮಾಡಿದ ಭಾಷೆ, ಅದನ್ನು ಆರಿಸಿ ನೋಡಿ. ವೈಫೈ ಆನ್ ಇದ್ದರೆ ಕೆಲವು ಕ್ಯಾಮೆರಾಗಳು ಯುಎಸ್‌ಬಿಯನ್ನು ಮುಚ್ಚಿಬಿಡುತ್ತವೆ, ಅದನ್ನೂ ಆಫ್ ಮಾಡಿ. ಕೇಬಲ್ ಬರೀ ಚಾರ್ಜಿಂಗ್‌ನದ್ದು ಆಗಿರಬಾರದು.

"ಈ ಅಕ್ಸೆಸರಿಗೆ ಬೆಂಬಲ ಇಲ್ಲ" ಅಥವಾ "ಪ್ರಮಾಣಿತ ಅಲ್ಲ" ಎಂಬ ಸಂದೇಶ ಬಂತು. ಅಂಗಡಿಯವರು ಒರಿಜಿನಲ್ ಅಂದಿದ್ದರು.

2012ರಲ್ಲಿ 30 ಪಿನ್ನಿನ ಜಾಗಕ್ಕೆ ಲೈಟ್ನಿಂಗ್ ಬಂದಾಗ ಪ್ಲಗ್‌ನ ಒಳಗೇ ಒಂದು ಗುರುತಿನ ಚಿಪ್ ಸೇರಿತು. ಸಿಕ್ಕಿಸಿದಾಗ ಐಪ್ಯಾಡ್ ಆ ಚಿಪ್ ಹತ್ತಿರ ಗುರುತು ಕೇಳುತ್ತದೆ. ಆ್ಯಪಲ್‌ನಿಂದ ಪರವಾನಗಿ ಪಡೆದು ಮಾಡಿದವರು ಅಸಲಿ ಚಿಪ್ ಹಾಕುತ್ತಾರೆ. ಉಳಿದವರು ನಕಲು ಹಾಕುತ್ತಾರೆ. ನಕಲಿ ಚಿಪ್ ಇವತ್ತಿನ ಸಾಫ್ಟ್‌ವೇರ್ ಕಣ್ಣು ತಪ್ಪಿಸಬಹುದು, ನಾಳೆಯದು ಹಿಡಿದುಬಿಡಬಹುದು. 2013ರ ಐಓಎಸ್ 7ರಿಂದ ಈ ಎಚ್ಚರಿಕೆ ಪರದೆಯ ಮೇಲೆ ಎದ್ದು ಕಾಣತೊಡಗಿತು.

ಇಂಥ ಅಡಾಪ್ಟರ್‌ಗೆ ನೀವು ಮಾಡಬಹುದಾದದ್ದು ಕಡಿಮೆ. ಬೇರೆ ಐಪ್ಯಾಡ್‌ನಲ್ಲಿ ಒಮ್ಮೆ ಹಾಕಿ ನೋಡಿ. ಅಲ್ಲೂ ಅದೇ ಸಂದೇಶ ಬಂದರೆ ಆಸೆ ಬಿಡಿ. ಒಂದು ವಿಷಯ ಮಾತ್ರ ಮೊದಲು ಪರೀಕ್ಷಿಸಿ: ಪೋರ್ಟ್‌ನ ಒಳಗೆ ಧೂಳು, ಬಟ್ಟೆಯ ನಾರು ತುಂಬಿದ್ದರೂ ಇದೇ ಸಂದೇಶ ಬರಬಹುದು. ಟಾರ್ಚ್ ಬಿಟ್ಟು ನೋಡಿ. ಟ್ಯಾಬ್ಲೆಟ್ ಪೂರ್ತಿ ಆರಿಸಿ, ಮರದ ಹಲ್ಲುಕಡ್ಡಿಯಿಂದ ನಿಧಾನವಾಗಿ ತೆಗೆಯಿರಿ. ಪಿನ್ನು, ಸೂಜಿ ಬೇಡ. ಅಪ್‌ಡೇಟನ್ನು ಬೈದು, ಆಮೇಲೆ ಉಂಡೆ ಉಂಡೆ ನಾರು ತೆಗೆದವರನ್ನು ನೋಡಿದ್ದೇನೆ.

ಕೆಲವೊಮ್ಮೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಇಲ್ಲ. ಇದೇನು ವಿಚಿತ್ರ?

ಲಾಕ್ ಆಗಿದ್ದಾಗ ಸಿಕ್ಕಿಸುತ್ತಿದ್ದೀರಿ ಅನ್ನಿಸುತ್ತದೆ. 2018ರ ಜುಲೈನಲ್ಲಿ ಬಂದ ಐಓಎಸ್ 11.4.1ರಲ್ಲಿ ಹೊಸ ಕಾವಲು ಬಂತು. ಕೊನೆಯ ಸಲ ಅನ್‌ಲಾಕ್ ಮಾಡಿ ಒಂದು ಗಂಟೆಗಿಂತ ಜಾಸ್ತಿ ಆಗಿದ್ದರೆ, ಆ ಪೋರ್ಟ್ ಚಾರ್ಜಿಂಗ್‌ಗೆ ಬಿಟ್ಟು ಬೇರೆ ಯಾವುದಕ್ಕೂ ತೆರೆಯುವುದಿಲ್ಲ. ಕದ್ದ ಫೋನಿಗೆ ಯಂತ್ರ ಸಿಕ್ಕಿಸಿ ಪಾಸ್‌ಕೋಡ್ ಒಡೆಯುವವರನ್ನು ತಡೆಯಲು ಮಾಡಿದ ಏರ್ಪಾಡು ಇದು. ಒಳ್ಳೆಯದೇ. ಅದರ ಬಿಸಿ ಕಾರ್ಡ್ ರೀಡರ್‌ಗೂ ತಟ್ಟಿತು.

ಮೊದಲು ಅನ್‌ಲಾಕ್ ಮಾಡಿ, ಆಮೇಲೆ ಸಿಕ್ಕಿಸಿ. ಇಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಪಾಸ್‌ಕೋಡ್ ಇರುವ ಕಡೆ ಅಕ್ಸೆಸರಿಗಳನ್ನು ಸದಾ ಒಳಗೆ ಬಿಡುವ ಆಯ್ಕೆಯೂ ಇದೆ. ಅದರ ಹೆಸರು, ಜಾಗ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಅದನ್ನು ತೆರೆದಿಡಬೇಡಿ ಅಂತಲೇ ನನ್ನ ಸಲಹೆ. ಅನ್‌ಲಾಕ್ ಮಾಡಲು ಒಂದು ಸೆಕೆಂಡ್ ಸಾಕು ಅಲ್ವಾ?

ಯಾವ ಸಂದೇಶವೂ ಇಲ್ಲ. ಇಂಪೋರ್ಟ್ ಪರದೆ ಖಾಲಿ, ಅಥವಾ ಕೆಲವು ಫೋಟೊ ಮಾತ್ರ ಕಾಣುತ್ತವೆ.

ಇದಕ್ಕೆ ಅಪ್‌ಡೇಟ್ ಕಾರಣವಲ್ಲದೆಯೂ ಇರಬಹುದು. ಫೋಟೋಸ್ ಆ್ಯಪ್ ಕಾರ್ಡನ್ನೆಲ್ಲ ಜಾಲಾಡುವುದಿಲ್ಲ. ಅದು ನೋಡುವುದು ಡಿಸಿಐಎಂ ಎಂಬ ಫೋಲ್ಡರ್ ಮಾತ್ರ. ಅದರ ಒಳಗೂ ಕ್ಯಾಮೆರಾ ಇಟ್ಟ ಹೆಸರಿನ ಫೈಲ್‌ಗಳೇ ಬೇಕು: ನಾಲ್ಕು ಅಕ್ಷರ, ನಾಲ್ಕು ಅಂಕಿ, ಒಟ್ಟು ಎಂಟು. ನೀವು ಕಂಪ್ಯೂಟರ್‌ನಲ್ಲಿ ಕಾರ್ಡ್ ತೆರೆದು "ಅಜ್ಜಿ ಮನೆ" ಅಂತ ಫೋಲ್ಡರ್ ಮಾಡಿ ಫೋಟೊ ಹಾಕಿದ್ದರೆ, ಅಥವಾ ಹೆಸರು ಬದಲಿಸಿದ್ದರೆ, ಅವು ಕಾಣುವುದಿಲ್ಲ.

ಹಾಗಾದರೆ ಫೈಲ್ಸ್ ಆ್ಯಪ್ ತೆರೆಯಿರಿ. 2019ರ ಐಪ್ಯಾಡ್‌ಓಎಸ್ 13ರಿಂದ (ಐಪ್ಯಾಡ್‌ನ ಐಓಎಸ್‌ಗೆ ಆ ವರ್ಷದಿಂದ ಇದೇ ಹೆಸರು) ಅದು ಕಾರ್ಡ್ ಮತ್ತು ಪೆನ್‌ಡ್ರೈವ್‌ಗಳನ್ನು ಫೋಲ್ಡರ್ ಸಮೇತ ತೋರಿಸುತ್ತದೆ. ಅಲ್ಲಿಂದ ಬೇಕಾದ ಫೋಟೊ ಆರಿಸಿ ಉಳಿಸಿಕೊಳ್ಳಬಹುದು. ಅಪ್‌ಡೇಟ್ ಎಂದರೆ ಬರೀ ಕಿತ್ತುಕೊಳ್ಳುವುದಲ್ಲ, ಇಂಥದ್ದನ್ನು ಕೊಟ್ಟದ್ದೂ ಉಂಟು. ಲೈಟ್ನಿಂಗ್ ಎಸ್‌ಡಿ ರೀಡರ್ ಮೊದಲು ಐಪ್ಯಾಡ್‌ಗೆ ಮಾತ್ರ ಆಗುತ್ತಿತ್ತು. 2015ರ ಡಿಸೆಂಬರ್‌ನಲ್ಲಿ ಐಓಎಸ್ 9.2 ಬಂದ ಮೇಲೆ ಅದೇ ರೀಡರ್ ಐಫೋನ್‌ನಲ್ಲೂ ನಡೆಯಿತು.

ಇನ್ನೊಂದು. ಹಿಂದೆ ಕಾರ್ಡ್ ಹಾಕಿದರೆ ಫೋಟೋಸ್ ಆ್ಯಪ್ ತಾನಾಗೇ ತೆರೆದುಕೊಳ್ಳುತ್ತಿತ್ತು. ಈಗ ತೆರೆಯದಿದ್ದರೆ ಗಾಬರಿ ಬೇಡ. ನೀವೇ ತೆರೆದು, ಪಕ್ಕದ ಪಟ್ಟಿಯಲ್ಲಿ ಕಾರ್ಡ್ ಅಥವಾ ಕ್ಯಾಮೆರಾದ ಹೆಸರು ಇದೆಯಾ ನೋಡಿ. ಜನ ಇದನ್ನು ಅಡಾಪ್ಟರ್ ಸತ್ತಿದೆ ಅಂತಲೇ ತಿಳಿಯುತ್ತಾರೆ.

ಹಳೇ ಅಡಾಪ್ಟರ್‌ಗೆ ಮಾತ್ರ ಹೀಗಾಗುತ್ತದಾ?

ಇಲ್ಲ. 2016ರ ಮಾರ್ಚ್‌ನಲ್ಲಿ ಬಂದ, ಮೇಲೆ ಹೇಳಿದ ಯುಎಸ್‌ಬಿ 3 ಕ್ಯಾಮೆರಾ ಅಡಾಪ್ಟರ್‌ಗೆ ಎರಡೇ ತಿಂಗಳಲ್ಲಿ ಪೆಟ್ಟು ಬಿತ್ತು. ಮೇ ತಿಂಗಳ ಐಓಎಸ್ 9.3.2 ಹಾಕಿದವರಲ್ಲಿ ಬಹಳಷ್ಟು ಜನರಿಗೆ ಅದು ನಿಂತುಹೋಯಿತು. ಅದನ್ನು ಮಾಡಿದ್ದೂ ಆ್ಯಪಲ್, ಅಪ್‌ಡೇಟ್ ಮಾಡಿದ್ದೂ ಆ್ಯಪಲ್. ಮುಂದಿನ ಆವೃತ್ತಿಗಳಲ್ಲಿ ಅದು ಮತ್ತೆ ನಡೆಯಿತು. ಆದ್ದರಿಂದ ಅಪ್‌ಡೇಟ್ ಬಂದ ಮೊದಲ ವಾರದಲ್ಲೇ ಅಡಾಪ್ಟರ್ ನಿಂತರೆ ಬಿಸಾಕಬೇಡಿ. ಮುಂದಿನ ಚಿಕ್ಕ ಅಪ್‌ಡೇಟ್‌ವರೆಗೂ ಕಾಯಿರಿ.

ನನ್ನ ರೀಡರ್‌ಗೆ ಅದರದೇ ಆ್ಯಪ್ ಇತ್ತು. ಆ ಆ್ಯಪ್ ಈಗ ತೆರೆಯುವುದೇ ಇಲ್ಲ.

2017ರ ಸೆಪ್ಟೆಂಬರ್‌ನ ಐಓಎಸ್ 11, 32 ಬಿಟ್‌ನ ಹಳೇ ಆ್ಯಪ್‌ಗಳನ್ನು ಪೂರ್ತಿ ನಿಲ್ಲಿಸಿತು. ತಯಾರಕರು ಆ್ಯಪನ್ನು ಹೊಸದಾಗಿ ಬರೆಯದಿದ್ದರೆ, ಅದನ್ನೇ ನಂಬಿದ್ದ ರೀಡರ್ ಕೂಡ ಹೋದಂತೆ. ಯಂತ್ರ ಸರಿಯಾಗಿದೆ, ಬೀಗದ ಕೈ ಕಳೆದಿದೆ. ಇದು ನನಗೆ ತುಂಬಾ ಬೇಸರ ತರಿಸುವ ವಿಷಯ. ಕೊಳ್ಳುವಾಗ "ಇದು ಯಾವ ಆ್ಯಪ್ ಇಲ್ಲದೆಯೂ ಫೋಟೋಸ್ ಅಥವಾ ಫೈಲ್ಸ್‌ನಲ್ಲಿ ಕಾಣುತ್ತದಾ" ಅಂತ ಕೇಳಿಯೇ ಕೊಳ್ಳಿ.

ವೈಫೈಯಲ್ಲಿ ಇಳಿಸಿದರೆ ಈ ತಲೆನೋವು ಇರುವುದಿಲ್ಲ ಅಲ್ವಾ?

ಬೇರೆ ತಲೆನೋವು ಬರುತ್ತದೆ. 2020ರ ಐಪ್ಯಾಡ್‌ಓಎಸ್ 14ರಿಂದ ಪ್ರತಿ ಆ್ಯಪ್‌ಗೂ ಲೋಕಲ್ ನೆಟ್‌ವರ್ಕ್ ಬಳಸಲು ನಿಮ್ಮ ಒಪ್ಪಿಗೆ ಬೇಕು. ಅಪ್‌ಡೇಟ್ ಆದ ಮೇಲೆ ಬಂದ ಪ್ರಶ್ನೆಗೆ ಓದದೆ ಬೇಡ ಅಂದಿದ್ದರೆ ಕ್ಯಾಮೆರಾದ ಆ್ಯಪ್ ಕ್ಯಾಮೆರಾವನ್ನು ಹುಡುಕುತ್ತಲೇ ಇರುತ್ತದೆ. ಸೆಟ್ಟಿಂಗ್ಸ್, ಪ್ರೈವಸಿ, ಲೋಕಲ್ ನೆಟ್‌ವರ್ಕ್‌ಗೆ ಹೋಗಿ ಆ ಆ್ಯಪ್‌ನ ಗುಂಡಿ ಹಸಿರು ಮಾಡಿ.

ಇನ್ನು ಐಫೈ ಎಂಬ ವೈಫೈ ಕಾರ್ಡ್‌ಗಳು ನೆನಪಿವೆಯಾ? ಅವುಗಳ ಎಕ್ಸ್2 ಮತ್ತು ಅದಕ್ಕಿಂತ ಹಳೆಯ ಕಾರ್ಡ್‌ಗಳಿಗೆ ಕಂಪನಿಯ ಸೇವೆ 2016ರ ಸೆಪ್ಟೆಂಬರ್ 16ಕ್ಕೆ ಮುಗಿಯುತ್ತದೆ ಅಂತ ಘೋಷಣೆ ಬಂತು. ಕಾರ್ಡ್ ಹೊಂದಿಸಲು ಆ ಸೇವೆಯೇ ಬೇಕಿತ್ತು. ಕೈಯಲ್ಲಿದ್ದ ವಸ್ತುವಿನ ಆಯಸ್ಸು ಎಲ್ಲೋ ದೂರದ ಸರ್ವರ್‌ನಲ್ಲಿತ್ತು. ನಾನು ತಂತಿಯ ಪರ ಇರುವುದು ಇದಕ್ಕೇ.

ಹಳೇ ಆವೃತ್ತಿಗೆ ವಾಪಸ್ ಹೋಗಬಹುದಾ?

ಹೊಸದು ಬಂದ ಕೆಲವು ದಿನ ಮಾತ್ರ. ಐಪ್ಯಾಡ್‌ಗೆ ಯಾವ ಆವೃತ್ತಿ ಹಾಕಬೇಕಾದರೂ ಆ್ಯಪಲ್‌ನ ಸರ್ವರ್ ಅದಕ್ಕೆ ಡಿಜಿಟಲ್ ಸಹಿ ಹಾಕಬೇಕು. ಹಳೆಯದಕ್ಕೆ ಸಹಿ ಹಾಕುವುದು ನಿಂತ ಮೇಲೆ ದಾರಿ ಮುಚ್ಚುತ್ತದೆ. ಸಹಿ ಇನ್ನೂ ನಡೆಯುತ್ತಿದ್ದರೂ ಕಂಪ್ಯೂಟರ್ ಬೇಕು, ಟ್ಯಾಬ್ಲೆಟ್ ಅಳಿಸಬೇಕು. ಹೊಸ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ ಹಳೆಯದರಲ್ಲಿ ಕೂರುವುದೂ ಇಲ್ಲ. ಬರೀ ಒಂದು ರೀಡರ್‌ಗಾಗಿ ಇಷ್ಟು ಮಾಡಬೇಡಿ ಅಂತ ಹೇಳುತ್ತೇನೆ.

ನನ್ನದು ತುಂಬಾ ಹಳೇ ಐಪ್ಯಾಡ್. ನನಗೂ ಈ ಭಯ ಇದೆಯಾ?

ನೀವು ಆರಾಮಾಗಿರಿ. ಮೊದಲ ಐಪ್ಯಾಡ್ ಐಓಎಸ್ 5.1.1ಕ್ಕೆ ನಿಂತಿದೆ. ಐಪ್ಯಾಡ್ 2, ಮೂರನೇ ಐಪ್ಯಾಡ್, ಮೊದಲ ಮಿನಿ ಇವು 9.3ರ ಸಾಲಿನಲ್ಲಿ, ನಾಲ್ಕನೆಯದು 10.3ರ ಸಾಲಿನಲ್ಲಿ. ಹೊಸ ದೊಡ್ಡ ಅಪ್‌ಡೇಟ್ ಅವಕ್ಕೆ ಬರುವುದಿಲ್ಲ, ಹಾಗಾಗಿ ನಿಯಮವೂ ಬದಲಾಗುವುದಿಲ್ಲ. ಇವತ್ತು ನಡೆಯುವ ರೀಡರ್ ನಾಳೆಯೂ ನಡೆಯುತ್ತದೆ. ಆದರೆ ಭದ್ರತೆಯ ತೇಪೆಗಳೂ ಬರುವುದಿಲ್ಲ. ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ಫೋಟೊ ನೋಡಲು ಇಟ್ಟುಕೊಳ್ಳಿ.

ಯುಎಸ್‌ಬಿ-ಸಿ ಐಪ್ಯಾಡ್ ತೆಗೆದುಕೊಂಡರೆ?

ಬಹಳ ಸಲೀಸು. 2018ರ ಕೊನೆಯಲ್ಲಿ ಐಪ್ಯಾಡ್ ಪ್ರೊಗೆ, 2020ರಲ್ಲಿ ಏರ್‌ಗೆ, 2021ರಲ್ಲಿ ಮಿನಿಗೆ, 2022ರಲ್ಲಿ ಸಾಮಾನ್ಯ ಐಪ್ಯಾಡ್‌ಗೆ ಯುಎಸ್‌ಬಿ-ಸಿ ಬಂತು. ಲ್ಯಾಪ್‌ಟಾಪ್‌ಗೆ ಬಳಸುವ ಮಾಮೂಲಿ ಕಾರ್ಡ್ ರೀಡರ್ ಇಲ್ಲೂ ನಡೆಯುತ್ತದೆ. ಹೊರಗೆ ಸಾಧನಗಳಿಗೆ ಕೊಡುವ ಕರೆಂಟ್ ಕೂಡ ಹಿಂದಿಗಿಂತ ಧಾರಾಳ. ಕೂಡಿಟ್ಟ ಲೈಟ್ನಿಂಗ್ ಅಡಾಪ್ಟರ್‌ಗಳು ಮಾತ್ರ ಇದಕ್ಕೆ ಕೂರುವುದಿಲ್ಲ. 2022ರ ಸಾಮಾನ್ಯ ಐಪ್ಯಾಡ್‌ನ ಪೋರ್ಟ್ ಆಕಾರದಲ್ಲಿ ಹೊಸದು, ವೇಗದಲ್ಲಿ ಹಳೇ ಯುಎಸ್‌ಬಿ 2 ಅನ್ನುವುದು ಗೊತ್ತಿರಲಿ. 64 ಜಿಬಿ ಕಾರ್ಡ್ ತುಂಬಾ ಫೋಟೊ ಇದ್ದರೆ ಕಾಫಿ ಕುಡಿದು ಬರುವಷ್ಟು ಸಮಯ ಹಿಡಿಯುತ್ತದೆ.

ಆಂಡ್ರಾಯ್ಡ್ ಟ್ಯಾಬ್ಲೆಟ್‌ನವರ ಕಥೆ ಏನು?

2011ರ ಆಂಡ್ರಾಯ್ಡ್ 3.1ರಿಂದಲೇ ಯುಎಸ್‌ಬಿ ಸಾಧನ ಸಿಕ್ಕಿಸುವ ಸೌಲಭ್ಯ ಇದೆ, ತಯಾರಕರು ಅದಕ್ಕೆ ಅವಕಾಶ ಕೊಟ್ಟಿದ್ದರೆ. ಅಲ್ಲಿ ದೊಡ್ಡ ಪೆಟ್ಟು ಬಿದ್ದದ್ದು 2013ರ 4.4 ಕಿಟ್‌ಕ್ಯಾಟ್‌ನಲ್ಲಿ. ಹೊರಗಿನ ಆ್ಯಪ್‌ಗಳು ಎಸ್‌ಡಿ ಕಾರ್ಡ್‌ನಲ್ಲಿ ಮನಬಂದ ಜಾಗಕ್ಕೆ ಬರೆಯುವುದನ್ನು ತಡೆದರು. 5.0ರಲ್ಲಿ ನೀವೇ ಫೋಲ್ಡರ್ ತೋರಿಸಿ ಒಪ್ಪಿಗೆ ಕೊಡುವ ದಾರಿ ಬಂತು.

ಹಾಗಾದರೆ ಅಪ್‌ಡೇಟ್ ಹಾಕಲೇಬಾರದಾ?

ಹಾಕಲೇಬೇಕು. ಭದ್ರತೆಯ ತೂತುಗಳನ್ನು ಮುಚ್ಚುವುದು ಅದೇ. ಯಾವಾಗ ಹಾಕುತ್ತೀರಿ ಎಂಬುದೇ ಮುಖ್ಯ. ಪ್ರವಾಸದ, ಮದುವೆಯ, ಗೃಹಪ್ರವೇಶದ ಹಿಂದಿನ ರಾತ್ರಿ ಬೇಡವೇ ಬೇಡ. ತಾನಾಗೇ ಅಪ್‌ಡೇಟ್ ಆಗುವ ಆಯ್ಕೆಯನ್ನು ಅಷ್ಟು ದಿನ ಆಫ್ ಮಾಡಿ. ವಾಪಸ್ ಬಂದ ಮೇಲೆ, ಕಾರ್ಡ್ ಖಾಲಿ ಇರುವಾಗ ಹಾಕಿ. ಹಾಕಿದ ದಿನವೇ ಎರಡು ಫೋಟೊ ತೆಗೆದು ಇಳಿಸಿ ನೋಡಿ. ಹತ್ತು ನಿಮಿಷದ ಕೆಲಸ.

ಹಣಕ್ಕಾಗಿ ಫೋಟೊ ತೆಗೆಯುವವರಾದರೆ ಎರಡು ಬೇರೆ ಬೇರೆ ದಾರಿ ಇಟ್ಟುಕೊಳ್ಳಿ. ರೀಡರ್ ಒಂದು, ಕ್ಯಾಮೆರಾ ಕೇಬಲ್ ಇನ್ನೊಂದು. ಬೇರೆಯವರ ಮನೆಯ ಧಾರೆಯ ಫೋಟೊ ನಿಮ್ಮ ಕೈಯಲ್ಲಿದೆ. ಅದು ಎರಡನೇ ಸಲ ನಡೆಯುವುದಿಲ್ಲ.

ಇಳಿಸಿದ ಮೇಲೆ ಕಾರ್ಡ್‌ನಿಂದ ಅಳಿಸಲಾ ಅಂತ ಕೇಳುತ್ತದೆ. ಏನು ಒತ್ತಲಿ?

ಇರಲಿ ಅಂತ ಒತ್ತಿ. ಯಾವಾಗಲೂ. ಇಳಿದ ಫೋಟೊಗಳನ್ನು ತೆರೆದು ನೋಡಿ, ಇನ್ನೊಂದು ಕಡೆ ಪ್ರತಿ ಆದ ಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಎಸ್‌ಡಿ ಕಾರ್ಡ್‌ನ ಎಡ ಅಂಚಿನಲ್ಲಿ ಉಗುರಿನಿಂದ ಸರಿಸುವ ಪುಟ್ಟ ಗುಂಡಿ ಇದೆಯಲ್ಲ, ಅದನ್ನು ಕೆಳಗೆ ಸರಿಸಿದರೆ ಬೀಗ. ಆ ಬೀಗಕ್ಕೆ ಬೆಲೆ ಕೊಡುವ ರೀಡರ್‌ನಲ್ಲಿ ಓದಬಹುದು, ಅಳಿಸಲಾಗುವುದಿಲ್ಲ. ಅಪ್‌ಡೇಟ್ ಆದ ಮೇಲೆ ಮೊದಲ ಸಲ ಪರೀಕ್ಷೆ ಮಾಡುವಾಗ ನಾನು ಹಾಗೇ ಮಾಡುತ್ತೇನೆ.

ಇದು ಯಾರ ತಪ್ಪು?

ಡಬ್ಬಿಯ ಮೇಲೆ ಬರೆದದ್ದಷ್ಟನ್ನೇ ನಾವು ಮಾತು ಕೊಟ್ಟದ್ದು ಅಂತ ಕಂಪನಿಗಳು ಹೇಳಬಹುದು. ಕಾಗದದ ಮೇಲೆ ಅದು ಸರಿ. ಆದರೆ ತಿಂಗಳುಗಟ್ಟಲೆ ಚೆನ್ನಾಗಿ ನಡೆದ ವಸ್ತುವಿನ ಮೇಲೆ ಜನ ತಮ್ಮ ಕೆಲಸ ಕಟ್ಟಿಕೊಂಡಿರುತ್ತಾರೆ. ಕರೆಂಟಿನ ಮಿತಿ ಇಳಿಸುವುದು ಅನಿವಾರ್ಯ ಆಗಿದ್ದರೂ ಇರಬಹುದು. ಅಪ್‌ಡೇಟ್‌ನ ಟಿಪ್ಪಣಿಯಲ್ಲಿ "ಇನ್ನು ಮುಂದೆ ಇಂಥ ಸಾಧನಗಳು ನಡೆಯುವುದಿಲ್ಲ" ಅಂತ ಒಂದು ಸಾಲು ಬರೆಯಲು ಏನು ಕಷ್ಟ? ಹೊಸ ಎಮೋಜಿ ಬಂದದ್ದನ್ನು ಹೇಳುತ್ತಾರೆ. ಇದನ್ನೂ ಹೇಳಬೇಕು. ಆಗ ಹಾಕಿಕೊಳ್ಳುವುದು, ಬಿಡುವುದು ನಮ್ಮ ಕೈಯಲ್ಲಿರುತ್ತದೆ.

ಹೊಸದಾಗಿ ಕೊಂಡ ಅಡಾಪ್ಟರ್ ಡಬ್ಬಿಯಲ್ಲಿ ಹೇಳಿದ ಕೆಲಸವನ್ನೇ ಮಾಡದಿದ್ದರೆ ಮಾತ್ರ ಸುಮ್ನೆ ಬಿಡಬೇಡಿ. ಬಿಲ್ ಇಟ್ಟುಕೊಂಡು ವಾಪಸ್ ಕೊಡಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಕೆಲಸಕ್ಕೆ ಬಾರದ ಹಳೇ ಅಡಾಪ್ಟರ್ ಬಿಸಾಕಲಾ?

ಅದಕ್ಕೆ ಹೊಂದುವ ಹಳೇ ಟ್ಯಾಬ್ಲೆಟ್ ಮನೆಯಲ್ಲಿದ್ದರೆ ಬೇಡ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ, ಚಾರ್ಜರ್ ಕೇಬಲ್ ಜೊತೆಗೆ. ಚೀಟಿಯಲ್ಲಿ ಟ್ಯಾಬ್ಲೆಟ್‌ನ ಮಾದರಿ, ಆವೃತ್ತಿ, ಯಾವ ಕಾರ್ಡ್ ಓದುತ್ತದೆ ಅಂತ ಬರೆದು ಅಂಟಿಸಿ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್‌ಗಳು ಯಾರ ಮನೆಯ ಬೀರುವಿನಲ್ಲಿ ಯಾವತ್ತು ಸಿಗುತ್ತವೋ ಹೇಳಲಾಗುವುದಿಲ್ಲ. ಕಳೆದ ವರ್ಷ ನಮ್ಮ ಮಾವನ ಬೀರುವಿನಲ್ಲಿ ಒಂದು ಸಿಕ್ಕಿತು. ಅದರಲ್ಲಿ ಅತ್ತೆಯ ಫೋಟೊ 40 ಇದ್ದವು. ಓದಿದ್ದು ಆ ಚೀಲದಲ್ಲಿದ್ದ ರೀಡರ್.